ಹೆಣ್ಣಿಲಿಗಳ ಲೆಕ್ಕವೇ ಬೇರೆ

"ನನ್ನ ಹೆಣ್ಣಿಲಿಗಳೆಲ್ಲಿ, ಪ್ರಜೀಷ್?"

ಭಾಗ್ಯಲಕ್ಷ್ಮಿಯ ದನಿಗೆ ಕಲ್ಪೆಟ್ಟದ ಆ ಪುಟ್ಟ ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಪಂಜರದಲ್ಲೇ ಉಂಟಲ್ಲ..." ಪ್ರಜೀಷ್ ತಡವರಿಸಿದ.

"ಪಂಜರದಲ್ಲಲ್ಲ, ವರದಿಯಲ್ಲಿ! ಗಂಡು, ಹೆಣ್ಣು ಎಲ್ಲಾ ಕಲಸಿ ಒಂದೇ ಸರಾಸರಿ ಮಾಡಿಟ್ಟಿದ್ದೀರಲ್ಲ! ಇದೇನು ಸಾಂಬಾರಾ?"

ಅಲ್ಜೈಮರ್ ತರಹದ ಕಾಯಿಲೆ ಬರುವಂತೆ ಬೆಳೆಸಿದ ಇಲಿಗಳವು. ಕೆಲವಕ್ಕೆ ಓಡಲು ಚಕ್ರ, ಉಳಿದವಕ್ಕೆ ಇಲ್ಲ. ಓಡಿದರೆ ನೆನಪು ಉಳಿಯುತ್ತದೆಯೇ? ಗಂಡಿಗೂ ಹೆಣ್ಣಿಗೂ ಒಂದೇ ಥರವೇ? ಭಾಗ್ಯ ಹಿಡಿದಿದ್ದ ಪ್ರಶ್ನೆಯೇ ಅದು. ಹಬ್ಬ ಹರಿದಿನ ಬಿಟ್ಟು ಆ ಇಲಿಗಳನ್ನು ಸಾಕಿದವಳು ಅವಳು. ಅಂಕಿಅಂಶ ನೋಡಲೆಂದು ತೋಲ್ಪೆಟ್ಟಿಯಿಂದ ಬಂದು ಸೇರಿದ ಇವನು, ಪ್ರಶ್ನೆಯನ್ನೇ ಅಳಿಸಿಹಾಕಿದ್ದ!

"ಒಂದೇ ಸರಾಸರಿ ಇದ್ರೆ ಚಂದ ಕಾಣ್ತದೆ ಅಂತ..."

'ಛೇ! ಇವನ ಜೊತೆ ಬಸ್ಸಿನಲ್ಲಿ ಕೂತು ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡೆನಲ್ಲ... ಇವನ ನಗುವಿಗೆ ಕರಗಿದೆನಲ್ಲ!'

ಅಂದಿನಿಂದ ಅವಳು ಅವನೊಡನೆ ಮಾತೇ ಬಿಟ್ಟಳು.

ಭಾನುವಾರ ಸಂಜೆ, ತನ್ನೂರು ಪೆರಿಕಲ್ಲೂರಿನ ಕಬಿನಿ ದಡದಲ್ಲಿ ಅವಳಿಗೆ ಇನ್ನೊಂದು ಜಗಳ ಕಾದಿತ್ತು. ಮರೆವಿನ ಕಾಯಿಲೆಯ ಅಮ್ಮ ಸಣ್ಣಮ್ಮ ದಾರಿ ಮಧ್ಯೆಯೇ ಕೂತುಬಿಟ್ಟಿದ್ದಳು.

"ಏಳಮ್ಮ, ಇನ್ನೊಂಚೂರು ನಡಿ..."

"ನಾನೇನು ಗಾಣದ ಎತ್ತಾ? ದಿನಾ ತಿರುಗಿಸ್ತೀಯಲ್ಲ! ನೀ ಯಾರ ಮಗಳೇ?"

'ಯಾರ ಮಗಳಾ! ದೇವರೇ, ಇವತ್ತೂನಾ...'

ಅಷ್ಟರಲ್ಲಿ ಎದುರಿಗೆ ಪ್ರಜೀಷ್! ಬೆವರಿಳಿಯುತ್ತಿತ್ತು.

"ಇಲ್ಲಿಗೂ ಬಂದ್ರಾ?" ಅವಳು ಸಿಡುಕಿದಳು.

"ಗಂಡು ಬೇರೆ, ಹೆಣ್ಣು ಬೇರೆ ಮಾಡಿ ವರದಿ ತಿದ್ದಿದೆ. ಲ್ಯಾಬಿನ ಸಾರ್ ಹತ್ರ ತಪ್ಪೂ ಒಪ್ಪಿಕೊಂಡೆ." ಅವನು ತಲೆ ತಗ್ಗಿಸಿದ. "ನಮ್ಮ ಗಂಡಿಲಿಗಳಿಗೆ ಓಟದಿಂದ ನೆನಪು ಸುಧಾರಿಸ್ತು. ಹೆಣ್ಣು ಇನ್ನೂ ಜಾಸ್ತಿ ಓಡಿದ್ವು... ಆದ್ರೂ ಗುಣ ಕಾಣ್ಲಿಲ್ಲ."

ಭಾಗ್ಯ ಅಮ್ಮನತ್ತ ನೋಡಿದಳು.

"ಅಮ್ಮನ್ನ ದಿನಾ ನಡೆಸ್ತೀನಿ ಅಂತ ನೀವು ಎಷ್ಟು ಆಸೆಯಿಂದ ಹೇಳಿದ್ರಿ... ಇದನ್ನ ಹೆಂಗೆ ತೋರಿಸ್ಲಿ? ಧೈರ್ಯ ಬರ್ಲಿಲ್ಲ. ಅದಕ್ಕೇ ಕಲಸ್ಬಿಟ್ಟೆ."

"ನನಗೋಸ್ಕರ ಸುಳ್ಳು ಬರೆದ್ರಾ? ನಿಮ್ಮ ಕರುಣೆಗಿಷ್ಟು ಬೆಂಕಿ ಹಾಕ!" ಬೈಯುತ್ತಲೇ ಅವಳು ಅತ್ತುಬಿಟ್ಟಳು. "ಹಾಗಾದ್ರೆ... ಅಮ್ಮನ್ನ ಸುಮ್ಸುಮ್ನೆ ಗೋಳು ಹೊಯ್ಕೊಂಡ್ನಾ?"

"ಇಲಿ ನೋಡಿ ಅಮ್ಮನ ವಿಷಯ ಹೇಳಕ್ಕಾಗಲ್ಲ, ಭಾಗ್ಯ. ಅದು ನಿಮ್ಗೇ ಗೊತ್ತು. ನಡೆದ ದಿನ ಚೆನ್ನಾಗಿ ಉಣ್ತಾರೆ, ನಿದ್ದೆ ಮಾಡ್ತಾರೆ ಅಂದಿದ್ರಲ್ಲ... ಅಷ್ಟಾದ್ರೂ ಉಂಟಲ್ಲ? ಹೆಣ್ಣಿಗೆ ಏನು ಬೇಕು ಅಂತ ಹುಡುಕುವ. ಒಟ್ಟಿಗೇ ಹುಡುಕುವ."

ಸಣ್ಣಮ್ಮ ಅವನತ್ತ ಕೈ ಚಾಚಿದಳು.

"ಎಬ್ಬಿಸು ಮೋನೇ, ಎಬ್ಬಿಸು ಮಗನೇ. ಇವಳ ಅಳು ಕೇಳೋದಕ್ಕಿಂತ ನಡೆಯೋದೇ ವಾಸಿ!"

ಅವನ ತೋಳು ಹಿಡಿದು ಎದ್ದವಳು ಆಮೇಲೆ ತಾನೇ ಮುಂದೆ ಮುಂದೆ ಹೆಜ್ಜೆ ಹಾಕಿದಳು. ಹಿಂದೆ ಇವರಿಬ್ಬರು.

"ನಾಳೆನೂ ಬರ್ಲಾ?" ಅವನು ಮೆಲ್ಲಗೆ ಕೇಳಿದ.

"ನಾಳೆ ಅಮ್ಮ 'ಯಾರಪ್ಪಾ ನೀನು' ಅಂತಾಳೆ."

"ದಿನಾ ಹೇಳ್ತೇನೆ."

"ಏನಂತ?"

"ನಿಮ್ಮ ಅಳಿಯ ಅಂತ..."

"ಮೊದ್ಲು ನನ್ನ ಕೇಳ್ರೀ, ಪುಣ್ಯಾತ್ಮ!"

ಅವನು ನಿಂತುಬಿಟ್ಟ.

"ಕೇಳ್ತಾ ಇದ್ದೇನೆ, ಭಾಗ್ಯ... ಆಗ್ಲಾ?"

ಅವಳ ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ತುಟಿಯ ಮೇಲೆ ಬಂದ ನಗುವನ್ನು ತಡೆಯಲಾಗಲಿಲ್ಲ.

"ಹೂಂ... ಆದ್ರೆ ಇನ್ನೊಂದ್ಸಲ ನನ್ನಿಂದ ನಿಜ ಮುಚ್ಚಿಟ್ರೆ ನೋಡಿ!"

"ಹಾಗಾದ್ರೆ ಈಗ್ಲೇ ಒಂದು ನಿಜ ಹೇಳ್ತೇನೆ. ಅಮ್ಮ ನಡೆಯೋ ವೇಗಕ್ಕೆ ನನ್ನ ಕಾಲು ನೋಯ್ತಾ ಉಂಟು."

ಅವಳು ತನ್ನ ಕೈ ಚಾಚಿದಳು.

"ಹಿಡ್ಕೊಳ್ಳಿ."