ಏಳು ಸಾವಿರ ವರ್ಷದ ನೀರು

ಖೈರುನ್‌ಬೀಯ ಖಾನಾವಳಿಯ ಅಡುಗೆಮನೆಯಲ್ಲಿ ನಲ್ಲಿಯ ಕೊರಳಿಗೆ ಕಟ್ಟಿದ್ದ ಡಬ್ಬಿ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಅದರ ಗಾಜಿನ ಕಣ್ಣಿನಲ್ಲಿ ನೀಲಿ ಅಂಕಿಗಳು ಮೂಡಿದವು. ಜೋಳದ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಖೈರುನ್‌ಬೀ ಹತ್ತಿರ ಬಂದಳು.

“ಏಳು ಸಾವಿರದ ಎರಡುನೂರು,” ಎಂದು ಓದಿದಳು. “ಇದೇನ್ರಿ ಬಾಯಾರ, ಈ ತಿಂಗಳ ಬಿಲ್ಲಾ?”

“ಬಿಲ್ಲಲ್ಲ ಆಪಾ, ವಯಸ್ಸು,” ಎಂದಳು ಡಬ್ಬಿ ಕಟ್ಟಲು ಬಂದಿದ್ದ ಅನಸೂಯಾ. “ನಿಮ್ಮ ನಲ್ಲಿಯಾಗ ಬರೂ ನೀರಿಂದು. ಇದು ಮಳಿಯಾಗಿ ಬಿದ್ದು ಏಳು ಸಾವಿರ ವರ್ಷ ಆಗ್ಯದ.”

ಖೈರುನ್‌ಬೀ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೊಡದೊಳಗೆ ಬೀಳುತ್ತಿದ್ದ ನೀರನ್ನು ನೋಡಿದಳು, ಅನಸೂಯಾಳ ಮುಖ ನೋಡಿದಳು. ಆಮೇಲೆ ಕೈ ಚಾಚಿ ನಲ್ಲಿ ಬಂದ್ ಮಾಡಿದಳು.

ಅದು ಎರಡು ಸಾವಿರದ ಐವತ್ತೆಂಟನೆಯ ಇಸವಿ. ಡಾ. ಅನಸೂಯಾ ಬಿರಾದಾರ ಬೀದರ್ ಸೀಮೆಯ ಕಣಿವೆ ಜಲಮಂಡಳಿಯಲ್ಲಿ ಅಂತರ್ಜಲ ವಿಜ್ಞಾನಿ. ಹತ್ತಿಪ್ಪತ್ತು ಊರುಗಳ ಕೆರೆ, ಬಾವಿ, ಕೊಳವೆಬಾವಿಗಳನ್ನೆಲ್ಲ ಒಂದೇ ಕಣ್ಣಿನಿಂದ ನೋಡಿ, ಯಾರಿಗೆ ಎಷ್ಟು ನೀರು, ಎಲ್ಲಿಂದ ನೀರು ಎಂದು ತೀರ್ಮಾನಿಸುವುದು ಆ ಮಂಡಳಿಯ ಕೆಲಸ. ಅನಸೂಯಾಳಿಗೆ ಮಾತ್ರ ಮೊದಲಿನಿಂದಲೂ ಇನ್ನೊಂದು ಪ್ರಶ್ನೆ ಕಾಡುತ್ತಿತ್ತು: ಯಾವಾಗಿನ ನೀರು?

ಉತ್ತರ ಗಾಳಿಯಲ್ಲಿತ್ತು. ಮಳೆಹನಿ ಆಕಾಶದಿಂದ ಇಳಿಯುವಾಗ ಗಾಳಿಯೊಳಗಿನ ಅನಿಲಗಳನ್ನು ಅಷ್ಟಿಷ್ಟು ತನ್ನೊಳಗೆ ಕರಗಿಸಿಕೊಂಡು ಬರುತ್ತದೆ. ಅವುಗಳಲ್ಲಿ ಕೆಲವು ಪರಮಾಣುಗಳು ತಮ್ಮಷ್ಟಕ್ಕೆ ತಾವೇ ಸವೆಯುವಂಥವು. ನೀರು ನೆಲದೊಳಗೆ ಇಳಿದು ಗಾಳಿಯ ಸಂಪರ್ಕ ಕಡಿದುಕೊಂಡ ಗಳಿಗೆಯಿಂದ ಹೊಸದು ಸೇರುವುದಿಲ್ಲ, ಇದ್ದದ್ದು ಸವೆಯುತ್ತ ಹೋಗುತ್ತದೆ. ಉಳಿದದ್ದನ್ನು ಎಣಿಸಿದರೆ ನೀರಿನ ವಯಸ್ಸು ಸಿಕ್ಕಿತು. ಕೆಲವು ಪರಮಾಣುಗಳು ಸಾವಿರಾರು ವರ್ಷ ನಿಧಾನವಾಗಿ ಸವೆಯುತ್ತವೆ, ಕೆಲವು ಹತ್ತಾರು ವರ್ಷಗಳಲ್ಲೇ. ಗಡಿಯಾರದ ಗಂಟೆ ಮುಳ್ಳು, ನಿಮಿಷದ ಮುಳ್ಳು ಇದ್ದ ಹಾಗೆ. ಹಿಂದೆ ಇದಕ್ಕೆ ಡ್ರಮ್ಮುಗಟ್ಟಲೆ ನೀರು, ದೊಡ್ಡ ಪ್ರಯೋಗಾಲಯ, ತಿಂಗಳುಗಳ ಕಾಲ ಬೇಕಾಗುತ್ತಿತ್ತು. ಪರಮಾಣುಗಳನ್ನು ಲೇಸರ್ ಬೆಳಕಿನ ಬಲೆಯಲ್ಲಿ ಹಿಡಿದು ಒಂದೊಂದಾಗಿ ಎಣಿಸುವ ಯಂತ್ರವನ್ನು ಅನಸೂಯಾ ಊಟದ ಡಬ್ಬಿಯಷ್ಟು ಚಿಕ್ಕದು ಮಾಡಿದ್ದಳು. ಅದಕ್ಕೆ ಅವಳಿಟ್ಟ ಹೆಸರು ‘ವಯೋಮಾಪಕ’. ಖೈರುನ್‌ಬೀ ಮಾತ್ರ ಅಂದೇ ಅದನ್ನು ‘ಉಮರ್‌ಡಬ್ಬಿ’ ಎಂದು ಕರೆದಳು; ಉಮರ್ ಎಂದರೆ ವಯಸ್ಸು. ಊರಿಗೆ ಊರೇ ಆ ಹೆಸರನ್ನು ಹಿಡಿಯಿತು.

ಊರಿನ ಹೆಸರು ಕೆಮ್ಮರಡಿ. ಊರಿನ ಮೇಲ್ಗಡೆ ಮೈಲುಗಟ್ಟಲೆ ಹರಡಿದ ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬ. ಕೆಳಗೆ, ಬಹಳ ಆಳದಲ್ಲಿ, ಕಪ್ಪು ಬಂಡೆಯ ಪದರಗಳು. ಆ ಬಂಡೆಯ ಬಿರುಕುಗಳಿಂದ ಬರುವ ನೀರು ಎಂಥ ಬೇಸಿಗೆಯಲ್ಲೂ ಕೈಕೊಟ್ಟಿರಲಿಲ್ಲ. ‘ಪಾತಾಳದ ಸೆಲೆ’ ಎಂದು ಜನ ಕೈಮುಗಿಯುತ್ತಿದ್ದರು. ಮಂಡಳಿಯ ಮುಂದಿನ ಮೂವತ್ತು ವರ್ಷದ ಯೋಜನೆಯೂ ಅದನ್ನೇ ನಂಬಿತ್ತು: ಇನ್ನಷ್ಟು ಆಳದ ಕೊಳವೆಬಾವಿಗಳು, ಅವುಗಳಿಂದ ಸುತ್ತಲಿನ ಐದು ಪಟ್ಟಣಗಳಿಗೆ ನೀರು.

ಮಂಡಳಿಯ ಮುಖ್ಯಸ್ಥ ವಿಶ್ವಂಭರ ಪಾಂಚಾಳರ ಮೇಜಿನ ಮೇಲೆ ಅನಸೂಯಾ ಅಂಕಿಗಳನ್ನು ಇಟ್ಟಾಗ ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ಹಂಗಂದ್ರ ಈ ನೀರು ತುಂಬೂದೇ ಇಲ್ಲಾ?”

“ಇಲ್ಲ ಸರ್. ಬ್ಯಾರೆ ಯಾವುದೋ ಕಾಲದಾಗ, ಈ ಸೀಮ್ಯಾಗ ಭಾಳ ಮಳಿ ಆಗತಿದ್ದಾಗ ಇಳದದ್ದು. ಈಗಿನ ಮಳಿ ಒಂದು ಹನಿ ಅಲ್ಲಿ ಮುಟ್ಟೂದಿಲ್ಲ. ಅದು ಸೆಲಿ ಅಲ್ಲ, ಹಗೇವು. ಹಿರೇರು ತುಂಬಿ ಇಟ್ಟು ಹೋದ ಕಾಳು. ನಾವು ತೆಗ್ಯಾಕತ್ತೀವಿ, ಹಾಕವರು ಯಾರೂ ಇಲ್ಲ.”

ಪಾಂಚಾಳರು ಕಿಟಕಿಯ ಆಚೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಊರು ಬಾಯಾರಿದರೆ ತಮ್ಮ ಗಂಟಲು ಒಣಗುತ್ತದೆ ಎನ್ನುವ ಜಾತಿಯವರು. “ಮೇಡಂ, ಹಗೇವು ಬರಿದಾಗ್ಲಾಕತ್ತದ ಅಂತ ಡಂಗುರ ಹೊಡದ್ರ ಏನಾಗ್ತದ ಹೇಳ್ರಿ? ಎಲ್ಲಾರೂ ಚೀಲಾ ತಗೊಂಡು ಓಡಿ ಬರ್ತಾರ. ವರ್ಷಾನುಗಟ್ಲೆ ಬರೂದು ಆರು ತಿಂಗಳಿಗೇ ಮುಗೀತದ.”

“ಡಂಗುರ ಹೊಡೀದಿದ್ರ ಬರಿದಾದ ಮ್ಯಾಲ ಓಡಿ ಬರ್ತಾರ ಸರ್.”

ಇಬ್ಬರ ಮಾತೂ ನಿಜವೆಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಪಾಂಚಾಳರು ನಡುದಾರಿ ಹಿಡಿದರು. ಯೋಜನೆಯನ್ನು ಒಂದು ವರ್ಷ ತಡೆಯುವುದು; ನೂರು ಮನೆಗಳ ನಲ್ಲಿಗೆ ಡಬ್ಬಿ ಕಟ್ಟಿ ನೋಡುವುದು.

ಪಾಂಚಾಳರು ಅಂಜಿದ್ದೇ ಆಯಿತು. ಸುದ್ದಿ ಹರಡಲು ನೂರು ಮನೆ ಬೇಕಾಗಿರಲಿಲ್ಲ, ಹತ್ತು ಸಾಕಾಗಿತ್ತು. ಯುಗಾದಿಯ ಹೊತ್ತಿಗೆ ಕೊಳವೆಬಾವಿ ಕೊರೆಯುವ ಲಾರಿಗಳು ಓಣಿ ಓಣಿಗೂ ಬಂದು ನಿಂತವು. ಮಗ್ಗುಲ ಮನೆಯವನು ಹೀರಿಕೊಳ್ಳುವ ಮೊದಲು ತಾನು ಹೀರಬೇಕು ಎಂದು ಪ್ರತಿಯೊಬ್ಬನೂ ಅವಸರ ಮಾಡಿದ. ಇನ್ನು ಕೆಲವರು ಚತುರರು. ‘ಋಷಿಮುನಿಗಳು ಕುಡಿದ ನೀರು’ ಎಂದು ಚೀಟಿ ಅಂಟಿಸಿ ಬಾಟಲಿಗಳಲ್ಲಿ ತುಂಬಿ ಹೈದರಾಬಾದಿಗೆ ಕಳಿಸತೊಡಗಿದರು. ಮಂಡಿನೋವಿಗೆ ಒಳ್ಳೆಯದಂತೆ, ಮಕ್ಕಳಿಗೆ ನೆನಪಿನ ಶಕ್ತಿಯಂತೆ. ಆ ಬೇಸಿಗೆಯಲ್ಲಿ ಬಂಡೆಯೊಳಗಿನ ನೀರಿನ ಮಟ್ಟ ಹಿಂದೆಂದೂ ಇಳಿಯದಷ್ಟು ಇಳಿಯಿತು.

‘ನಾನು ಮೊದಲೇ ಹೇಳಿದ್ದೆ’ ಎಂದು ಪಾಂಚಾಳರು ಒಮ್ಮೆಯಾದರೂ ಅಂದಿದ್ದರೆ ಅನಸೂಯಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅನ್ನಲಿಲ್ಲ. ಹನ್ನೆರಡು ವರ್ಷದ ದುಡಿಮೆ ತಾನು ಕಾಯಬೇಕಾಗಿದ್ದ ನೀರನ್ನೇ ಲೂಟಿಗೆ ಇಟ್ಟಂತಾಯಿತಲ್ಲ ಎಂದು ಅವಳಿಗೆ ಅನ್ನ ಸೇರದಾಯಿತು. ಒಂದು ದಿನ ಬೆಳಿಗ್ಗೆ ಪಾನಾ, ಇಕ್ಕಳ ಹಿಡಿದುಕೊಂಡು ಡಬ್ಬಿಗಳನ್ನೆಲ್ಲ ಬಿಚ್ಚಿ ತರಲು ಹೊರಟಳು. ಮೊದಲು ಹೋದದ್ದು ಖೈರುನ್‌ಬೀಯ ಖಾನಾವಳಿಗೆ.

“ಬಿಚ್ಚಬ್ಯಾಡ್ರಿ,” ಎಂದು ಖೈರುನ್‌ಬೀ ನಲ್ಲಿಗೆ ಅಡ್ಡ ನಿಂತಳು. “ನನಗ ಅದು ಬೇಕು.”

“ಯಾಕ ಆಪಾ? ಇದರಿಂದ ಊರು ಕೆಟ್ಟುಹೋತು.”

“ಊರಿಂದು ನನಗ ಗೊತ್ತಿಲ್ರಿ. ನನ್ನ ಅಡಗಿಮನಿದು ಗೊತ್ತು. ಬರ್ರಿ ಇಲ್ಲಿ.” ಅವಳು ಹಿತ್ತಲಿಗೆ ಕರೆದುಕೊಂಡು ಹೋದಳು. ತಾಟು ತೊಳೆಯುವ ಕಲ್ಲಿನ ಮಗ್ಗುಲಲ್ಲಿ ಎರಡು ಡ್ರಮ್ಮು ನಿಂತಿದ್ದವು. “ದಿಬ್ಬದ ಬುಡದಾಗ ಮಳಿಗಿ ತುಂಬೂ ಹಳೇ ಬಾವಿ ಅದ ಅಲ್ಲಾ, ಅಲ್ಲಿಂದು ಗಾಡಿ ಮ್ಯಾಲ ತರಸ್ತೀನಿ. ಎಂಜಲ ತಾಟಿಗಿ ಅದೇ ನೀರು. ನಲ್ಲಿದು ಒಲಿಗಿ, ಕುಡಿಲಾಕ, ಅಷ್ಟೇ. ಈ ಅಂಕಿ ನೋಡಿದ ಮ್ಯಾಲ ಕೈ ಬರಲಿಲ್ಲರಿ ನನಗ. ಏಳು ಸಾವಿರ ವರ್ಷದ ಹಿರೇರನ್ನ ಕರೆಸಿ ಎಂಜಲ ತೊಳಿ ಅಂತ ಹ್ಯಾಂಗ ಹೇಳೂದು?”

ಅನಸೂಯಾ ಪಾನಾ ಹಿಡಿದುಕೊಂಡೇ ನಿಂತಳು. ಒಬ್ಬಳ ಮನಸ್ಸಿಗೆ ಹೀಗನ್ನಿಸಿದ್ದರೆ ಅದು ಅವಳ ದೊಡ್ಡತನ. ಆದರೆ ಡಬ್ಬಿ ಇದ್ದ ಉಳಿದ ಮನೆಗಳವರು ಏನು ಮಾಡಿದ್ದರು? ಇಷ್ಟು ದಿನ ಊರಿನ ಒಟ್ಟು ಲೆಕ್ಕ ನೋಡಿ ಹೌಹಾರಿದ್ದಳೇ ಹೊರತು ಆ ನೂರು ಮನೆಗಳನ್ನು ಬೇರೆಯಾಗಿ ನೋಡಿಯೇ ಇರಲಿಲ್ಲ. ಕಚೇರಿಗೆ ಓಡಿದಳು. ನೂರು ಮನೆಗಳ ಬಳಕೆಯನ್ನು ಊರಿನ ಬಳಕೆಯಿಂದ ಬೇರ್ಪಡಿಸಿ ಪರದೆಯ ಮೇಲೆ ಎರಡು ಗೆರೆಗಳನ್ನಾಗಿ ಎಳೆದಳು. ಊರಿನ ಗೆರೆ ಗುಡ್ಡ ಹತ್ತಿದಂತೆ ಮೇಲೇರಿತ್ತು. ಡಬ್ಬಿಯ ಮನೆಗಳ ಗೆರೆ ಕೆಳಗಿಳಿದಿತ್ತು. ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಕೊಳವೆಬಾವಿ ಕೊರೆಸಿದವರಲ್ಲಿ ಡಬ್ಬಿಯ ಮನೆಯವರು ಇಬ್ಬರೋ ಮೂವರೋ.

ಬಾಟಲಿಗೆ ತುಂಬಿದವರೂ ಲಾರಿ ಕರೆಸಿದವರೂ ಸುದ್ದಿ ಕೇಳಿದವರು. ಕೈ ತಡೆದವರು ದಿನಾ ಅಂಕಿ ನೋಡಿದವರು.

ಅಂದೇ ಪಾಂಚಾಳರ ಮುಂದೆ ನಿಂತು ಅವಳು ಹೇಳಿದಳು: “ಸರ್, ನಮ್ಮ ತಪ್ಪು ಡಬ್ಬಿ ಹಾಕಿದ್ದಲ್ಲ. ನೂರಕ್ಕ ನಿಲ್ಲಿಸಿದ್ದು. ಎಲ್ಲಾ ನಲ್ಲಿಗೂ ಹಾಕೂಣು. ಕೊರೆಯೂ ಲಾರಿಗೂ ಹಾಕೂಣು.”

ಪಾಂಚಾಳರು ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. “ಇದೂ ಕೈಕೊಟ್ರ ನನ್ನ ಕುರ್ಚಿ ಹೋಗ್ತದ,” ಎಂದರು. ಸ್ವಲ್ಪ ತಡೆದು, “ಹೋದ್ರ ಹೋಗ್ಲಿ. ಕುರ್ಚಿ ಏನು ನೀರು ಕುಡೀತದೇನು?”

ಮುಂದಿನ ಮಳೆಗಾಲದೊಳಗೆ ಕೆಮ್ಮರಡಿಯ ಪ್ರತಿ ನಲ್ಲಿಗೂ ಡಬ್ಬಿ ಬಂತು. ಶಾಲೆಯ ಅಂಗಳದಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮಂಟಪದಲ್ಲಿ ನೀಲಿ ಅಂಕಿಗಳು ಮಿನುಗಿದವು. ಜಗಳಗಳು ನಿಲ್ಲಲಿಲ್ಲ, ಆದರೆ ಬಹಿರಂಗವಾದವು. ಯಾರು ಯಾವ ನೀರಿನಿಂದ ಕಾರು ತೊಳೆಯುತ್ತಾನೆ ಎಂಬುದು ಓಣಿಗೆಲ್ಲ ಕಾಣುತ್ತಿತ್ತು. ಆ ವರ್ಷದ ಜನಸಭೆಯಲ್ಲಿ ಮಂಡಳಿ ಹೊಸ ಯೋಜನೆಯನ್ನು ಮುಂದಿಟ್ಟಿತು. ಆಳದ ಹಳೆಯ ನೀರಿಗೆ ಬೀಗ. ಮಳೆ ಕೈಕೊಟ್ಟ ವರ್ಷ ಮಾತ್ರ, ಎಲ್ಲ ಓಣಿಗಳೂ ಒಪ್ಪಿದರೆ ಮಾತ್ರ ಬೀಗ ತೆರೆಯುವುದು. ದಿನದ ಬಳಕೆಗೆ ಎಳೆಯ ನೀರು, ಅಂದರೆ ಕೆಂಪು ದಿಬ್ಬ ಕುಡಿದು ಬಸಿಯುವ ಮಳೆನೀರು. ಜಂಬಿಟ್ಟಿಗೆ ಕಲ್ಲು ಜೇನುಹುಟ್ಟಿನ ಹಾಗೆ. ಮೈತುಂಬ ರಂಧ್ರ, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಷರತ್ತು ಒಂದೇ, ಅದರ ಮೇಲೆ ಕಾಂಕ್ರೀಟು ಬೀಳಬಾರದು.

ಅಲ್ಲಿಯೇ ತೊಡಕು. ದಿಬ್ಬದ ಅರ್ಧಭಾಗ ಆಗಲೇ ಬಡಾವಣೆಗೆ ಮಂಜೂರಾಗಿತ್ತು. ರದ್ದು ಮಾಡುವ ಅಧಿಕಾರ ಮಂಡಳಿಗಿತ್ತು, ಧೈರ್ಯ ಬೇಕಾಗಿತ್ತು. ಆದೇಶದ ಮೇಲೆ ಸಹಿ ಹಾಕುವ ಮುನ್ನ ಪಾಂಚಾಳರ ಪೆನ್ನು ತಡೆಯಿತು.

“ಅಲ್ಲಿ ನಂದೂ ಒಂದು ಸೈಟ್ ಅದ ಮೇಡಂ,” ಎಂದರು ಮೆಲ್ಲಗೆ. “ನಮ್ಮ ಮನಿಯವ್ರು ಬಾಗಿಲು ಯಾವ ದಿಕ್ಕಿಗೆ ಇಡಬೇಕು ಅಂತ ತಲಿ ಕೆಡಿಸಿಕೊಂಡಾರ.”

ಅವರು ಅನಸೂಯಾಳ ಉತ್ತರಕ್ಕೆ ಕಾಯಲಿಲ್ಲ. ಸಹಿ ಹಾಕಿ ಕಾಗದವನ್ನು ದೂಡಿ, ಇನ್ನು ಮನೆಗೆ ಹೋಗಿ ಬೈಸಿಕೊಳ್ಳುವುದೊಂದು ಬಾಕಿ ಎಂದು ಎದ್ದರು.

ಸೈಟು ಕಳೆದುಕೊಂಡವರಿಗೆ ತಗ್ಗಿನ ಕಡೆ ಬದಲಿ ಜಾಗ ಸಿಕ್ಕಿತು. ಕೆಲವರು ಕೋರ್ಟಿಗೆ ಹೋದರು, ಸೋತರು, ಇಂದಿಗೂ ಅನಸೂಯಾಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ದಿಬ್ಬದ ಮೇಲೆ ಕಲ್ಲು ಕಡಿದ ಗುಂಡಿಗಳು ಮಳೆ ಇಂಗಿಸುವ ಹೊಂಡಗಳಾದವು, ಹುಲ್ಲು ಬೆಳೆಯಿತು. ಆಳದ ಬಾವಿಗಳಿಗೆ ಒಂದೊಂದಾಗಿ ಬೀಗ ಬೀಳುತ್ತ, ಊರ ನಲ್ಲಿಗಳಲ್ಲಿ ಎರಡೂ ನೀರು ಬೆರೆತು ಬರತೊಡಗಿದಂತೆ ಅಂಕಿ ಇಳಿಯಿತು. ಏಳು ಸಾವಿರವಿದ್ದದ್ದು ಮೂರು ಸಾವಿರವಾಯಿತು, ಮುಂದೆ ಕೆಲವು ನೂರಾಯಿತು. ‘ನಮ್ಮ ನೀರಿಗೆ ಪ್ರಾಯ ಬಂತು’ ಎಂದು ಜನ ನಗೆಯಾಡಿದರು. ಯಾರು ಶುರುಮಾಡಿದರೋ, ಒಂದು ರೂಢಿಯೂ ಬೆಳೆಯಿತು: ಕೂಸು ಹುಟ್ಟಿದಾಗ ಅದರ ತುಟಿಗೆ ಮೊದಲ ಹನಿ ಆಳದ ಹಳೆಯ ನೀರು. ಅದಕ್ಕೆಂದು ಮಂಡಳಿಯ ಆವರಣದಲ್ಲಿ ಒಂದೇ ಒಂದು ನಲ್ಲಿಯನ್ನು ತೆರೆದಿಟ್ಟರು. ಚಮಚೆ ತಂದವರಿಗೆ ಮಾತ್ರ, ಕೊಡ ತಂದವರಿಗಲ್ಲ.

ಎರಡು ಸಾವಿರದ ಅರವತ್ತಾರರ ಫೆಬ್ರವರಿಯಲ್ಲಿ, ದಿಬ್ಬದ ಪಡುವಣ ಅಂಚಿನ ಬಂಡೆಯ ಸಂದಿನಿಂದ ನೀರು ಜಿನುಗುತ್ತಿದೆ ಎಂದು ಕುರಿ ಕಾಯುವವರು ಸುದ್ದಿ ತಂದರು. ಬೇಸಿಗೆ ಹತ್ತಿರವಾದ ಹೊತ್ತಿನಲ್ಲಿ ಅಲ್ಲಿ ನೀರು ಕಂಡ ನೆನಪು ಊರಿನಲ್ಲಿ ಯಾರಿಗೂ ಇರಲಿಲ್ಲ. ಅನಸೂಯಾ ಡಬ್ಬಿ ಹಿಡಿದು ಹೊರಟಳು. ನಿವೃತ್ತರಾಗಿದ್ದ ಪಾಂಚಾಳರು ಜೊತೆಗೆ ಬಂದರು. ಮಂಡಿ ನೋಯುತ್ತದೆ ಎನ್ನುತ್ತಲೇ ಖೈರುನ್‌ಬೀಯೂ ಬಂದಳು.

ಬೆರಳಿನಷ್ಟು ಧಾರೆ. ಹುಲ್ಲಿನ ಮೇಲೆ ಸದ್ದಿಲ್ಲದೆ ಹರಿದು ಕೆಂಪು ಮಣ್ಣನ್ನು ನೆನೆಸಿತ್ತು. ಅನಸೂಯಾ ಡಬ್ಬಿಯ ಬಾಯನ್ನು ಅದಕ್ಕೆ ಹಿಡಿದಳು. ಅಂಕಿ ಮೂಡಿತು: ನಲವತ್ತೊಂದು.

“ಅಂದ್ರ ನಾವು ಇಳಿಸಿದ ಮಳಿ ಅಲ್ಲ ಇದು,” ಎಂದರು ಪಾಂಚಾಳರು, ತುಸು ನಿರಾಸೆಯಿಂದ.

“ಅಲ್ಲ ಸರ್. ನಾವು ಇಳಿಸಿದ್ದು ಹಿಂದಿನಿಂದ ದೂಡಾಕತ್ತದ. ಮೊದಲು ಹೊರಗ ಬರೂದು ಮುಂದ ನಿಂತಿದ್ದ ಹಳೇ ಮಳಿ. ನಮ್ದು ಬರಲಿಕ್ಕೆ ಇನ್ನೂ ಕಾಲ ಅದ.”

ಖೈರುನ್‌ಬೀ ಬೆರಳು ಮಡಿಚಿ ಲೆಕ್ಕ ಹಾಕಿದಳು. “ನಲವತ್ತೊಂದು ವರ್ಷದ ಹಿಂದ... ಎರಡು ಸಾವಿರದ ಇಪ್ಪತ್ತೈದು. ನಾನು ಇನ್ನೂ ಲಂಗಾ-ಜಂಪರ್ ಹಾಕೋ ಹುಡುಗಿ. ಆಗ ಇಲ್ಲಿ ಯಾರಿದ್ರರಿ ಬಾಯಾರ?”

“ಗೊತ್ತಿಲ್ಲ ಆಪಾ. ಒಂದೆರಡು ವರ್ಷ ಹಿಂದ ಮುಂದ ಇರಬಹುದು. ಆ ಕಾಲದಾಗ ಎಲ್ಲಾ ಕಡಿ ನೆಲ ಮುಚ್ಚಾಕತ್ತಿದ್ರು. ಇಲ್ಲಿ ಯಾರೋ ಈ ಜಾಗಾ ಹಂಗೇ ಬಿಟ್ಟಾರ. ಬಿಟ್ಟವರಿಗೆ ಗೊತ್ತಿತ್ತೋ ಇಲ್ಲೋ. ಅವರು ಬಿಟ್ಟ ಮಳಿ ಇದು.”

ಆ ವರ್ಷದ ಮಳೆಗಾಲದಲ್ಲಿ, ತಲೆಯ ಮೇಲೆ ಕೈ ಅಡ್ಡ ಹಿಡಿದು ಈ ದಿಬ್ಬವನ್ನು ದಾಟಿ ಮನೆಗೆ ಓಡಿದ್ದ ಯಾರೋ ಅಪರಿಚಿತರನ್ನು ಅನಸೂಯಾ ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಖೈರುನ್‌ಬೀ ಮಂಡಿಯೂರಿ ಕುಳಿತು ಬೊಗಸೆ ಒಡ್ಡಿದಳು. ತುಂಬಿದ ಬೊಗಸೆಯನ್ನು ಮೊದಲು ಪಾಂಚಾಳರ ಕಡೆಗೆ ಹಿಡಿದು, “ಕುಡೀರಿ ಸಾಹೇಬ್ರ,” ಎಂದಳು, “ಅವರು ನಮಗ ಅಂತೇ ಕಳಿಸ್ಯಾರ.”