ಶೀನ ಶೆಟ್ಟರ ಎಡೆ

ಬೇರೆಯವರ ಜೀವನವನ್ನು ಅವರ ಹೆಸರಿನಲ್ಲಿ ಬರೆದುಕೊಡುವುದು ನನ್ನ ಉದ್ಯೋಗ. ಪುಸ್ತಕದ ತುಂಬ ‘ನಾನು’ ಇರುತ್ತದೆ, ನಾನು ಮಾತ್ರ ಇರುವುದಿಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ.

ಕಳೆದ ವರ್ಷ ತೆಕ್ಕಟ್ಟೆಯ ಭುಜಂಗ ಶೆಟ್ಟರ ಆತ್ಮಕಥೆ ಬರೆಯುತ್ತಿದ್ದೆ. ಮುಂಬೈಯಲ್ಲಿ ಬರಿಗೈಯಿಂದ ಹೋಟೆಲು ಕಟ್ಟಿದವರು. ಒಂದು ಮಧ್ಯಾಹ್ನ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಗ ಅವರ ಹೆಂಡತಿ ಬಂದು, “ಭಾವಂಗ್ ಬಡ್ಸುಕಿತ್ತ್, ಹೊರ್ಗ್ ಕೂಕಣಿ” ಎಂದರು. ಭಾವ ಎಂದರೆ ಭುಜಂಗ ಶೆಟ್ಟರ ತೀರಿಹೋದ ಅಣ್ಣ, ಶೀನ ಶೆಟ್ಟರು. ಎಲೆಯಲ್ಲಿ ಎಡೆ ಬಡಿಸಿ ಬಾಗಿಲು ಮುಚ್ಚಿದರೆ, ಸತ್ತವರು ಉಂಡು ಹೋಗುವ ತನಕ ಒಳಗೆ ಯಾರೂ ಇರಬಾರದು. ನಾವಿಬ್ಬರೂ ಜಗಲಿಗೆ ಬಂದು ಮಾತು ಮುಂದುವರಿಸಿದೆವು. ಮೊಬೈಲು ರೆಕಾರ್ಡ್ ಮಾಡುತ್ತಲೇ ಒಳಗೆ ಉಳಿದಿತ್ತು.

ಆಮೇಲೆ ಎತ್ತಿಕೊಂಡಾಗ, ಅಷ್ಟು ಹೊತ್ತು ಓಡಿದ ಮೊಬೈಲು ತಣ್ಣಗಿತ್ತು. ನನ್ನ ಮನೆಗೆ ಬಂದು ರೆಕಾರ್ಡ್ ಆದದ್ದನ್ನು ಕೇಳಿದೆ. ಬಾಳೆಲೆ ಸರಿದ ಸದ್ದು. ನಂತರ ಒಂದು ಸ್ವರ, ಬರೆದುಕೊಳ್ಳುವವನಿಗೆ ಪುರುಸೊತ್ತು ಕೊಟ್ಟು ಹೇಳುವ ಹಾಗೆ, ನಿಧಾನವಾಗಿ: “ಬರ್ಕಣಿ. ಹೋಟ್ಲ್ ಸುರು ಮಾಡ್ದದ್ದ್ ನಾನ್. ತಮ್ಮ ಆಗ ಗ್ಲಾಸ್ ತೊಳಿತಿದ್ದ.”

ಮರುದಿನ ಶೆಟ್ಟರಿಗೆ ಕೇಳಿಸಿದೆ.

“ಮಾತ್ ಅಣ್ಣಂದೇ,” ಎಂದರು. “ಸ್ವರ ನಿಮ್ದ್ ಅಲ್ದಾ ಮರ್ರೆ?”

ಇನ್ನೊಮ್ಮೆ ಕೇಳಿದೆ. ನನ್ನದೇ. ಆ ಸ್ವರದ ಹಿಂದೆ, ಮುಚ್ಚಿದ ಬಾಗಿಲಿನ ಆಚೆ ಜಗಲಿಯಲ್ಲಿ, ಹೋಟೆಲು ಶುರು ಮಾಡಿದ್ದು ಹೇಗೆ ಎಂದು ನಾನು ಶೆಟ್ಟರನ್ನು ವಿಚಾರಿಸುತ್ತಿರುವುದೂ ಕೇಳಿಸುತ್ತದೆ.