ತಿರುವಿನಲ್ಲಿ ಮುಚ್ಚುವ ಕಾಕ್

ನಮ್ಮನೆಯವರು ಸ್ಕೂಟರಿನಲ್ಲಿ ಬರುವಾಗ ನಿಜಲಿಂಗಪ್ಪ ಬಡಾವಣೆಯ ತಿರುವಿನಲ್ಲೇ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ಮುಚ್ಚಿ, ಪೈಪಿನಲ್ಲಿ ಉಳಿದಷ್ಟರಲ್ಲೇ ಗೇಟಿನವರೆಗೆ ಬಂದು ನಿಲ್ಲುತ್ತಿದ್ದರು. ಅವರು ತೀರಿಕೊಂಡ ಮೇಲೆ, ಅವರು ಮುದ್ದಿನಿಂದ ಇಟ್ಟುಕೊಂಡಿದ್ದ ಹಳೇ ಕಾರಿನಿಂದ ಪೆಟ್ರೋಲ್ ಸೋರತೊಡಗಿತು.

"ಬೆಂಕಿ ಹತ್ತಿದ್ರೆ ಏನವ್ವ ಗತಿ? ಮಾರಿಬಿಡಾಣ," ಎಂದಳು ಮಗಳು ರಶ್ಮಿತಾ. ನನಗೆ ಮನಸ್ಸಾಗಲಿಲ್ಲ. ಕೊನೆಗೆ ಅವಳೇ, ಕಾರು ನಿಲ್ಲಿಸಿದಾಗ ಪೆಟ್ರೋಲ್ ಬಂದ್ ಮಾಡಲು, ಅಂಥದ್ದೇ ಒಂದು ಹಿತ್ತಾಳೆ ಕಾಕ್ ತಂದು ಬಾನೆಟ್ ಒಳಗೆ ಕೂಡಿಸಿದಳು.

ಮೊದಲ ದಿನ ಹರಿಹರಕ್ಕೆ ಹೋಗಿ ಮಧ್ಯಾಹ್ನ ಮರಳಿದೆವು. ಬಡಾವಣೆಯ ತಿರುವಿನಲ್ಲಿ ನಮ್ಮನೆಯವರು ಸೇದುತ್ತಿದ್ದ ನಶ್ಯದ ವಾಸನೆ ಬಂತು. ಸರಿಯಾಗಿ ಗೇಟಿನೆದುರು ಎಂಜಿನ್ ತಾನಾಗಿ ನಿಂತಿತು.

ರಶ್ಮಿತಾ ಬಾನೆಟ್ ಎತ್ತಿದಳು. ಹೊರಡುವಾಗ ಅವಳೇ ತೆರೆದಿದ್ದ ಕಾಕ್ ಮುಚ್ಚಿತ್ತು. ಎಂಜಿನ್ ಮುಟ್ಟಲಾಗದಷ್ಟು ಸುಡುತ್ತಿತ್ತು, ಕಾಕ್ ಮಾತ್ರ ತಣ್ಣಗಿತ್ತು.

"ಮಾರೋದು ಬ್ಯಾಡ ಬಿಡವ್ವ," ಎಂದಳು ಮೆಲ್ಲಗೆ.

ಈಗಲೂ ಪ್ರತಿ ಸಲ ಕಾರನ್ನು ಗೇಟಿನೊಳಗೆ ತರಬೇಕಾದರೆ, ಇಳಿದು ಕಾಕ್ ತೆರೆಯಲೇಬೇಕು.